ಹೆಂಡಿ ತೂಗಿದ ಪ್ರೊಫೆಸರ್

ಈ ಸಲ ದೀಪಾವಳಿ ರಜೆಗೆ ಊರಿಗೆ ಹೋದಾಗ ನಮ್ಮ ಮನೆಯ ಕಟ್ಟೆ ಮೇಲೆ ಒಂದು ಸಣ್ಣ ಜಗಳ ಆಯ್ತು. ಜಗಳದ ವಿಷಯ ಸೋಲಾರ್. ನಮ್ಮೂರು ಚಿಕ್ಕಪಡಸಲಗಿ, ಜಮಖಂಡಿ ತಾಲೂಕು, ಕೃಷ್ಣಾ ನದಿ ದಂಡೆ. ಎತ್ತ ನೋಡಿದ್ರೂ ಕಬ್ಬು. ಮಾಳಿಗೆ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದ್ರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ ಅಂತ ಅಪ್ಪಾರು ಕೇಳಿಕೊಂಡು ಬಂದಿದ್ದರು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಅದು. ಮನೇಲಿ ಇಂಜಿನಿಯರಿಂಗ್ ಓದೋರು ನಾವೊಬ್ಬರೇ, ಹಾಗಾಗಿ ತೀರ್ಪು ಕೊಡೋ ಪಾಳಿ ನಮ್ಮದು. ಎರಡನೇ ವರ್ಷಕ್ಕೆ ಬಂದಿದ್ದೀವಲ್ಲ, ಹಿಂದೆ ಮುಂದೆ ನೋಡದೆ ಹಾಕಿಸಿ ಅಂದ್ವಿ.

ಆಗ ಅಜ್ಜಾರು ಒಂದೇ ಒಂದು ಮಾತು ಕೇಳಿದ್ರು. ಕರೆಂಟ್ ಹೋದಾಗ ಇದು ಉರೀತದೋ ಇಲ್ಲೋ ಅಂತ. ಇಲ್ಲ ಅಂತ ಹೇಳಬೇಕಾಯ್ತು. ಇಲೆಕ್ಟ್ರಿಕಲ್ ಬ್ರಾಂಚಿನವರಿಗೆ ಇದು ಗೊತ್ತು, ಬೇರೆಯವರಿಗಾಗಿ ಹೇಳ್ತೀವಿ: ಸಬ್ಸಿಡಿ ಸಿಗೋ ಆನ್‌ಗ್ರಿಡ್ ಸೋಲಾರಿನ ಇನ್ವರ್ಟರ್ ಗ್ರಿಡ್ಡಿನ ಜೊತೆ ಹೆಜ್ಜೆ ಹಾಕುತ್ತೆ. ಗ್ರಿಡ್ ನಿಂತ್ರೆ ಅದೂ ನಿಲ್ಲಬೇಕು. ಇಲ್ಲಾಂದ್ರೆ ಲೈನ್ ಸತ್ತಿದೆ ಅಂತ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯಿಂದ ಶಾಕ್ ಹೊಡೆಯುತ್ತೆ. ಅಂದ್ರೆ ನೆತ್ತಿ ಮೇಲೆ ಬಿಸಿಲು ಸುಡ್ತಿದ್ರೂ, ಮಾಳಿಗೆ ಮೇಲೆ 3 ಕಿಲೋವ್ಯಾಟ್ ಇದ್ರೂ, ಕರೆಂಟ್ ಹೋದ್ರೆ ಮನೇಲಿ ಫ್ಯಾನ್ ತಿರುಗಲ್ಲ. ಇದನ್ನೆಲ್ಲ ವಿವರಿಸಿದ್ವಿ. ಅಜ್ಜಾರು ಪೂರ್ತಿ ಕೇಳಿಸಿಕೊಂಡು, ಏನೂ ಅನ್ನದೆ ಎದ್ದು ದನದ ಕೊಟ್ಟಿಗೆ ಕಡೆ ಹೋದ್ರು.

ಅವರು ಎದ್ದು ಹೋದದ್ದಕ್ಕೆ ಕಾರಣ ಇದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನಮ್ಮ ಮನೇಲಿ ದಿನಗಟ್ಟಲೆ ಕತ್ತಲೆ ಇತ್ತು. ಆಗ ಟ್ರ್ಯಾಕ್ಟರ್ ಬ್ಯಾಟರಿಗೆ ವೈರ್ ಸುತ್ತಿ ಓಣಿಯವರೆಲ್ಲ ಫೋನ್ ಚಾರ್ಜ್ ಮಾಡಿಕೊಂಡ್ವಿ. ಇನ್ನೊಂದು ಕಾರಣ ಹಳೇದು. ನಮ್ಮೂರ ಹೆಸರು ಪೇಪರಿನಲ್ಲಿ ಬಂದಿದ್ದೇ ಬ್ಯಾರೇಜಿನಿಂದ. ಸರ್ಕಾರಕ್ಕೆ ಕಾದು ಕಾದು ಸಾಕಾಗಿ, 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರೇ ದುಡ್ಡು ಕೂಡಿಸಿ, ಮೈ ಬಗ್ಗಿಸಿ ದುಡಿದು ನದಿಗೆ ಅಡ್ಡ ಬ್ಯಾರೇಜ್ ಕಟ್ಟಿದ್ರು. ಅದೇ ಶ್ರಮಬಿಂದು ಸಾಗರ. ಅಲ್ಲಿ ಕೆಲಸ ಮಾಡಿದವರಲ್ಲಿ ನಮ್ಮ ಅಜ್ಜಾರೂ ಒಬ್ಬರು. ನದಿಗೇ ಒಡ್ಡು ಹಾಕಿದ ಮನುಷ್ಯನಿಗೆ, ನಿನ್ನ ಮಾಳಿಗೆ ಮೇಲಿನ ಕರೆಂಟ್ ನಿನಗೇ ಸಿಗಲ್ಲ ಅಂದ್ರೆ ಏನನ್ನಿಸಿರಬೇಡ.

ರಜೆ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೂ ಈ ಮಾತು ತಲೆಯಿಂದ ಹೋಗಲಿಲ್ಲ. ಮನೇಲೇ ಕರೆಂಟ್ ಮಾಡಿಕೊಳ್ಳೋ ವಿಷಯ ನಮ್ಮ ಕರ್ನಾಟಕದಲ್ಲಿ ಮೊದಲೇ ಯಾರಾದ್ರೂ ಯೋಚನೆ ಮಾಡಿದ್ದಾರಾ ಅಂತ ಹುಡುಕೋಕೆ ಕೂತ್ವಿ. ಒಂದು ಹೆಸರು ಮತ್ತೆ ಮತ್ತೆ ಬಂತು: ಅಮೂಲ್ಯ ಕೆ. ಎನ್. ರೆಡ್ಡಿ. ಈ ಹೆಸರನ್ನ ಎಲ್ಲೋ ನೋಡಿದ್ದೀವಲ್ಲ ಅನ್ನಿಸ್ತು. ಲೈಬ್ರರಿಗೆ ಹೋದ್ರೆ ಕೆಮಿಸ್ಟ್ರಿ ಸಾಲಿನಲ್ಲಿ, ಬೆನ್ನು ಕಿತ್ತುಹೋದ ದಪ್ಪ ಪುಸ್ತಕದ ಮೇಲೆ ಅದೇ ಹೆಸರಿತ್ತು. ಮಾಡರ್ನ್ ಇಲೆಕ್ಟ್ರೋಕೆಮಿಸ್ಟ್ರಿ, ಬೋಕ್ರಿಸ್ ಮತ್ತು ರೆಡ್ಡಿ. ಅವರೇನಾ ಇವರು? ಅವರೇ.

ರೆಡ್ಡಿಯವರು ಹುಟ್ಟಿದ್ದು 1930ರ ಅಕ್ಟೋಬರ್ 21ರಂದು, ಬೆಂಗಳೂರಿನಲ್ಲಿ. ಆ ಬೆಂಗಳೂರಿಗೆ ಕರೆಂಟ್ ಬಂದು ಆಗಲೇ 25 ವರ್ಷ ಆಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಜಲವಿದ್ಯುತ್ತು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ. ಆ ಕಾಲಕ್ಕೆ ಜಗತ್ತಿನ ಉದ್ದದ ಲೈನುಗಳಲ್ಲಿ ಅದೂ ಒಂದು. ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಗಣಿಗೂ ನಗರಕ್ಕೂ ಹೋದ ತಂತಿ ನಡುವಿನ ಹಳ್ಳಿಗಳ ಹೊಲದ ಮೇಲೇ ಹಾದುಹೋಯ್ತು, ಕೆಳಗೆ ಇಳಿಯೋಕೆ ಮಾತ್ರ ಇನ್ನೂ ಹಲವು ದಶಕ ಹಿಡೀತು. ಇದನ್ನ ಯಾಕೆ ಹೇಳ್ತಿದ್ದೀವಿ ಅಂದ್ರೆ, ರೆಡ್ಡಿಯವರು ತಮ್ಮ ಅರ್ಧ ಜೀವನ ತಲೆ ಕೆಡಿಸಿಕೊಂಡಿದ್ದು ಈ ತಂತಿಯ ಕೆಳಗೇ ಇದ್ದ ಕತ್ತಲೆಯ ಬಗ್ಗೆ.

ಉಳಿದರ್ಧ ಜೀವನ ನೇರವಾಗಿದೆ, ಬೇಗ ಹೇಳಿಬಿಡ್ತೀವಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ರು. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ 1958ರಲ್ಲಿ ಪಿಎಚ್.ಡಿ. ಮುಗಿಸಿದ್ರು. ಅರವತ್ತರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಬೋಕ್ರಿಸ್ ಜೊತೆ ಸಂಶೋಧನೆ. 1966ರಲ್ಲಿ ಬೆಂಗಳೂರಿಗೆ ವಾಪಸ್, ಐಐಎಸ್ಸಿಯಲ್ಲಿ ಕೆಲಸ. 1970ರಲ್ಲಿ ಬೋಕ್ರಿಸ್ ಜೊತೆ ಬರೆದ ಆ ಎರಡು ಸಂಪುಟದ ಪುಸ್ತಕ ಹೊರಗೆ ಬಂತು, ಎಷ್ಟೋ ದೇಶಗಳಲ್ಲಿ ಪಠ್ಯವಾಯ್ತು. ನಲವತ್ತು ವರ್ಷಕ್ಕೇ ಹೆಸರು, ಖುರ್ಚಿ, ಲ್ಯಾಬು ಎಲ್ಲ ಇತ್ತು. ಅಲ್ಲಿಗೇ ನಿಂತಿದ್ರೂ ಯಾರೂ ಏನೂ ಅನ್ನುತ್ತಿರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಹೇಗೂ ಇರ್ತಿದ್ರು.

ಅವರಿಗೆ ಒಳಗೆ ಕೊರೆಯೋಕೆ ಶುರುವಾಗಿದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ತಾವು ಮಾಡ್ತಿರೋ ವಿಜ್ಞಾನ ಮುಖ್ಯವಾಗಿ ಉಪಯೋಗ ಆಗ್ತಿರೋದು ಶ್ರೀಮಂತ ದೇಶಗಳಿಗೆ, ಮತ್ತೆ ನಮ್ಮ ದೇಶದಲ್ಲಿ ಮೇಲಿರೋ ಸ್ವಲ್ಪ ಜನರಿಗೆ. ಮಿಕ್ಕವರೆಲ್ಲ ಹಳ್ಳಿಯಲ್ಲಿದ್ದಾರೆ, ಅವರ ಯಾವ ಸಮಸ್ಯೆಯೂ ಲ್ಯಾಬಿನ ಬಾಗಿಲು ದಾಟಿ ಒಳಗೆ ಬಂದಿಲ್ಲ. ಈ ಥರ ಅನ್ನಿಸೋದು ದೊಡ್ಡ ವಿಷಯ ಅಲ್ಲ, ನಮಗೂ ಎನ್ಎಸ್ಎಸ್ ಕ್ಯಾಂಪಿಗೆ ಹೋದಾಗ ಎರಡು ದಿನ ಅನ್ನಿಸುತ್ತೆ. ಆದ್ರೆ ರೆಡ್ಡಿಯವರು ಕೆಲಸವನ್ನೇ ಬದಲಿಸಿದ್ರು. 1974ರಲ್ಲಿ ಐಐಎಸ್ಸಿಯೊಳಗೇ ಅಸ್ತ್ರ ಅನ್ನೋ ಗುಂಪು ಕಟ್ಟಿದ್ರು. ವಿಜ್ಞಾನ ಮತ್ತು ತಂತ್ರಜ್ಞಾನವನ್ನ ಗ್ರಾಮೀಣ ಪ್ರದೇಶಕ್ಕೆ ಅನ್ವಯಿಸೋದು ಅಂತ ಅರ್ಥ ಬರೋ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳವು. ಸತೀಶ್ ಧವನ್ ಆಗ ಐಐಎಸ್ಸಿಯ ನಿರ್ದೇಶಕರು. ಅದೇ ಕ್ಯಾಂಪಸ್ಸಿನಲ್ಲಿ ಇನ್ನು ಮೇಲೆ ಒಲೆ, ಇಟ್ಟಿಗೆ, ಸಗಣಿ ಮೇಲೂ ಸಂಶೋಧನೆ.

ಕ್ಯಾಂಪಸ್ಸಿನಲ್ಲಿ ಕೂತು ಹಳ್ಳಿಗೆ ಔಷಧಿ ಬರೆಯೋದು ಬೇಡ ಅಂತ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದ್ರು. ಅಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ನಮಗೆ ತುಂಬಾ ಹಿಡಿಸ್ತು. ಏನನ್ನೂ ಕಟ್ಟೋಕೆ ಹೋಗಲಿಲ್ಲ, ಅಳತೆ ಮಾಡಿದ್ರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ದಿನಕ್ಕೆ ಎಷ್ಟು ಕಟ್ಟಿಗೆ ಉರೀತದೆ, ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ತಾಸು ದುಡಿಯುತ್ತೆ, ಮನುಷ್ಯರು ಎಷ್ಟು ತಾಸು ದುಡೀತಾರೆ ಅಂತೆಲ್ಲ ಲೆಕ್ಕ ಹಾಕಿದ್ರು. ಊರಿನ ಶಕ್ತಿ ಅಂದ್ರೆ ಕರೆಂಟ್ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಪುರ ಅನ್ನೋ ಹಳ್ಳಿಯ ಲೆಕ್ಕದಲ್ಲಿ ಹತ್ತರಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ಕಟ್ಟಿಗೆ ಬಂತು, ಕರೆಂಟಿನ ಪಾಲು ನೂರಕ್ಕೆ ಒಂದರ ಆಸುಪಾಸು. ಇನ್ನೂ ಒಂದು ಸಂಖ್ಯೆ ಇದೆ. ಮನುಷ್ಯರು ಹಾಕೋ ದುಡಿಮೆಯಲ್ಲಿ ಹೆಂಗಸರದ್ದೇ ಅರ್ಧಕ್ಕಿಂತ ಹೆಚ್ಚು. ಮಕ್ಕಳೂ ಸೇರಿದ್ರೆ ಮೂರರಲ್ಲಿ ಎರಡು ಪಾಲು ದಾಟುತ್ತೆ. ಕಟ್ಟಿಗೆ ಆರಿಸಿ ತರೋದು, ನೀರು ಹೊರೋದು, ಅಡಿಗೆ ಮಾಡೋದು. ವಿದ್ಯುತ್ ಯೋಜನೆಯ ಕಡತಗಳಲ್ಲಿ ಇದು ಶಕ್ತಿ ಅಂತ ಸಾಮಾನ್ಯವಾಗಿ ಲೆಕ್ಕಕ್ಕೆ ಬರೋದಿಲ್ಲ.

ಅಡಿಗೆಗೇ ಇಷ್ಟೊಂದು ಕಟ್ಟಿಗೆ ಹೋಗೋದಾದ್ರೆ ಒಲೆ ಸುಧಾರಿಸಬೇಕು ಅಂತ ಅಸ್ತ್ರದವರು ಹೊರಟ್ರು. ಹೊಗೆ ಕೊಳವೆ ಇರೋ ಅಸ್ತ್ರ ಒಲೆ ಬಂದಿದ್ದು ಹಾಗೆ. ದಕ್ಷಿಣದ ಜಿಲ್ಲೆಗಳ ಗೆಳೆಯರಿಗೆ ಕೇಳಿದ್ವಿ, ಒಬ್ಬನ ಅಜ್ಜಿ ಮನೇಲಿ ಈಗಲೂ ಇದೆಯಂತೆ. ಆ ಕಥೆ ಬೇರೆಯೇ ಆಗುತ್ತೆ, ಇಲ್ಲಿ ಬೇಡ. ನಮಗೆ ಬೇಕಾಗಿದ್ದು ಪುರದ ಕರೆಂಟು.

ಪುರ ಚಿಕ್ಕ ಊರು. 1991ರ ಲೆಕ್ಕಕ್ಕೆ 87 ಮನೆ, 463 ಜನ. ದನಗಳಿದ್ವು, ಅಂದ್ಮೇಲೆ ಸಗಣಿ ಇತ್ತು. (ನಮ್ಮ ಕಡೆ ಇದಕ್ಕೆ ಹೆಂಡಿ ಅಂತೀವಿ. ಬೆಂಗಳೂರಿನ ರೂಂಮೇಟ್ ಒಬ್ಬ ಇದನ್ನ ಕೇಳಿ ಬೇರೇನೋ ಕುಡಿಯೋದು ಅಂದುಕೊಂಡಿದ್ದ.) ಊರಿನ ಹೆಂಡಿಯನ್ನೆಲ್ಲ ಒಂದು ಕಡೆ ಹಾಕಿ, ಗಾಳಿ ಆಡದ ಗುಂಡಿಯಲ್ಲಿ ಕೊಳೆಸಿ, ಬಂದ ಗ್ಯಾಸನ್ನ ಎಲ್ಲರ ಅಡಿಗೆ ಮನೆಗೆ ಕೊಡೋದು ಮೊದಲ ಯೋಚನೆ. ಕಟ್ಟಿಗೆ ಉಳೀತದೆ, ಹೊಗೆ ತಪ್ಪುತ್ತೆ, ಕೇಳೋಕೆ ಚೆಂದ. ಇದು ನಡೀಲಿಲ್ಲ. ಇಡೀ ಊರಿನ ಅಡಿಗೆಗೆ ಸಾಕಾಗುವಷ್ಟು ಗ್ಯಾಸ್ ಆ ಹೆಂಡಿಯಿಂದ ಹುಟ್ಟಲಿಲ್ಲ.

ಇಲ್ಲಿ ನಾವು ಪೆನ್ನು ಹಿಡಿದು ನಮ್ಮ ಮನೆಯ ಲೆಕ್ಕ ಹಾಕಿದ್ವಿ. ನೀವೂ ಹಾಕಿ ನೋಡಿ, ಥರ್ಮೋಡೈನಮಿಕ್ಸ್ ಇಂಟರ್ನಲ್ಸಿಗೆ ಉಪಯೋಗ ಆಗಬಹುದು. ನಮ್ಮ ಕೊಟ್ಟಿಗೆಯಲ್ಲಿ ನಾಲ್ಕು ದನ. ಒಂದರಿಂದ ದಿನಕ್ಕೆ 10 ಕೆ.ಜಿ. ಹೆಂಡಿ ಅಂತ ಹಿಡಿದ್ರೆ 40 ಕೆ.ಜಿ. ಒಂದು ಕೆ.ಜಿ. ಹಸಿ ಹೆಂಡಿಯಿಂದ ಸುಮಾರು 0.036 ಘನ ಮೀಟರ್ ಗ್ಯಾಸ್, ಅಂದ್ರೆ ದಿನಕ್ಕೆ 1.4 ಘನ ಮೀಟರ್. ನಾಲ್ಕೈದು ಜನರ ಮನೆಯ ಪೂರ್ತಿ ಅಡಿಗೆಗೆ 2 ಘನ ಮೀಟರ್ ಹತ್ತಿರ ಬೇಕು. ನಾಲ್ಕು ದನ ಇರೋ ಮನೆಗೇ ಸಾಲಲ್ಲ, ಇನ್ನು ಒಂದೂ ದನ ಇಲ್ಲದ ಮನೆಯವರ ಗತಿ? ಈಗ ಅದೇ ಗ್ಯಾಸನ್ನ ಇಂಜಿನಿಗೆ ಹಾಕಿ. ಒಂದು ಘನ ಮೀಟರಿನಲ್ಲಿ ಸುಮಾರು 6 ಯೂನಿಟ್ ಶಾಖ ಇದೆ. ಇಂಜಿನ್ನು ಜನರೇಟರ್ ಸೇರಿ ಅದರಲ್ಲಿ ಕಾಲು ಭಾಗ ಮಾತ್ರ ಕರೆಂಟ್ ಆಗುತ್ತೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತೆ. ಆದ್ರೂ 1.4 ಘನ ಮೀಟರಿನಿಂದ 2 ಯೂನಿಟ್ ಬಂತು. 9 ವ್ಯಾಟಿನ ಎಲ್‌ಇಡಿ ಆರು ಬಲ್ಬು, ದಿನಕ್ಕೆ ಐದು ತಾಸು ಉರಿಸಿದ್ರೆ ಕಾಲು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದು ಮನೆಯ ಅಡಿಗೆಗೆ ಸಾಲದ ಹೆಂಡಿ ಏಳು ಮನೆಗೆ ಬೆಳಕು ಕೊಡುತ್ತೆ! ನಿಜ, ಎಪ್ಪತ್ತು ಎಂಬತ್ತರ ದಶಕದಲ್ಲಿ ಎಲ್‌ಇಡಿ ಇರಲಿಲ್ಲ, ಟ್ಯೂಬ್‌ಲೈಟ್ ಇತ್ತು. ಆದ್ರೂ ಲೆಕ್ಕದ ದಾರಿ ಇದೇ.

ಪುರದಲ್ಲಿ ಆಗಿದ್ದೂ ಇದೇ. ಅಡಿಗೆ ಗ್ಯಾಸ್ ಬಿಟ್ಟು, 1987ರಲ್ಲಿ ಗ್ಯಾಸಿನಿಂದ ಕರೆಂಟ್ ಮಾಡೋಕೆ ಶುರು ಮಾಡಿದ್ರು. ಡೀಸೆಲ್ ಇಂಜಿನಿಗೆ ಗೋಬರ್ ಗ್ಯಾಸನ್ನೂ ಕುಡಿಸಿ, ಅದಕ್ಕೊಂದು 5 ಕೆವಿಎ ಜನರೇಟರ್ ಜೋಡಿಸಿದ್ರು. ಆ ಕರೆಂಟಿನಿಂದ ಎರಡು ಕೆಲಸ: ಬೋರ್‌ವೆಲ್ಲಿನಿಂದ ಕುಡಿಯೋ ನೀರು ಎತ್ತಿ ನಲ್ಲಿಗೆ ಬಿಡೋದು, ಸಂಜೆ ಮನೆಗಳಿಗೆ ಟ್ಯೂಬ್‌ಲೈಟ್. ಇಲ್ಲಿ ಒಂದು ವಿಷಯ ಗಮನಿಸಿ, ಪುರಕ್ಕೆ ಸರ್ಕಾರದ ಕರೆಂಟ್ ಬಂದಿರಲಿಲ್ಲ ಅಂತಲ್ಲ. ಕಂಬ ಇದ್ವು, ಕೆಲವು ಮನೆಗೆ ಕನೆಕ್ಷನ್ನೂ ಇತ್ತು. ವೋಲ್ಟೇಜ್ ಇರ್ತಿರಲಿಲ್ಲ, ನಂಬೋ ಹಾಗಿರಲಿಲ್ಲ. ಕಂಬದ ಪಕ್ಕದಲ್ಲೇ ಊರಿನ ಕರೆಂಟ್ ಹೆಚ್ಚು ಬೆಳಕು ಕೊಡ್ತು.

ನಡೆಸೋ ರೀತಿಯನ್ನ ಓದಿದಾಗ ನಮಗೆ ನಮ್ಮೂರ ಡೇರಿ ನೆನಪಾಯ್ತು. ಬೆಳಿಗ್ಗೆ ಹೆಂಗಸರು, ಮಕ್ಕಳು ಹೆಂಡಿ ಬುಟ್ಟಿ ತಂದು ಕೊಡ್ತಾರೆ. ತೂಕ ಮಾಡಿ ಬರೆದುಕೊಳ್ತಾರೆ. ಕೆ.ಜಿ.ಗೆ ಇಷ್ಟು ಪೈಸೆ ಅಂತ ಕೈಗೆ ಸಿಗುತ್ತೆ. ಗ್ಯಾಸ್ ತೆಗೆದ ಮೇಲೆ ಉಳಿಯೋ ಬಗ್ಗಡವನ್ನ ಮರಳಿನ ಹಾಸಿನಲ್ಲಿ ಸೋಸಿ, ನೀರು ಬಸಿದ ಗೊಬ್ಬರವನ್ನ ವಾಪಸ್ ಕೊಡ್ತಾರೆ. ಹೆಂಡಿಯಲ್ಲಿನ ಸಾರಜನಕ ಎಲ್ಲೂ ಹೋಗಿರಲ್ಲ, ಹೊಲಕ್ಕೆ ಗೊಬ್ಬರ ಗೊಬ್ಬರವಾಗೇ ಉಳೀತು. ಇಂಜಿನ್ ನೋಡಿಕೊಳ್ಳೋಕೆ ಊರಿನದೇ ಹುಡುಗರು. ಬೆಳಕು ತಗೊಂಡ ಮನೆಯವರು ತಿಂಗಳಿಗೆ ಇಷ್ಟು ಅಂತ ಕಟ್ಟಬೇಕು. ಒಂದು ವಾರ ಯಾರೂ ಹೆಂಡಿ ಕೊಡದಿದ್ರೆ ಗ್ಯಾಸ್ ಇಲ್ಲ, ಗ್ಯಾಸ್ ಇಲ್ಲಾಂದ್ರೆ ನಲ್ಲೀಲಿ ನೀರಿಲ್ಲ. ಯಾರ ಮನೆಯ ಬುಟ್ಟಿ ಬರಲಿಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ.

ಎಲ್ಲರಿಗೂ ಸೇರಿದ್ದು ಅಂದ್ರೆ ಕೊನೆಗೆ ಎಲ್ಲರೂ ಸೇರಿ ಹಾಳು ಮಾಡ್ತಾರೆ ಅಂತ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ವಾದ ಇದೆ. ಗೋಮಾಳದ ಉದಾಹರಣೆ ಕೊಟ್ಟು ಹೇಳ್ತಾರೆ. ಪುರದಲ್ಲಿ ಅದು ತಿರುವು ಮುರುವು ಆಯ್ತು ಅಂತ ರೆಡ್ಡಿಯವರು ವಾದಿಸಿದ್ರು. ಸ್ವಂತ ಲಾಭಕ್ಕೆ ಕೆಟ್ಟರೆ ತನ್ನ ಮನೆಯ ದೀಪವೇ ಆರೋದ್ರಿಂದ, ಸ್ವಾರ್ಥವೂ ಊರಿನ ಹಿತವೂ ಒಂದೇ ಬುಟ್ಟಿಯಲ್ಲಿ ಬಂದು ಕೂತವು ಅನ್ನೋದು ಅವರ ತರ್ಕ. ಇದನ್ನ ಓದುವಾಗ ನಾವು ಬ್ಯಾರೇಜಿನ ದಂಡೆ ಮೇಲೆ ನಿಂತಿದ್ದ ಅಜ್ಜಾರನ್ನ ನೆನೆಸಿಕೊಂಡ್ವಿ. ಅಲ್ಲೂ ದುಡ್ಡು ಕೊಟ್ಟವರ ಹೊಲಕ್ಕೇ ನೀರು ಬರಬೇಕಿತ್ತು.

ಅಲ್ಲೇ ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಐಐಎಸ್ಸಿಯವರು 1988ರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ರು. ಅಲ್ಲಿ ಸಗಣಿ ಬದಲು ಕಟ್ಟಿಗೆ. ಕಟ್ಟಿಗೆಯನ್ನ ಕಡಿಮೆ ಗಾಳಿಯಲ್ಲಿ ಅರೆಬರೆ ಸುಟ್ಟು ಬಂದ ಗ್ಯಾಸಿನಿಂದ ಇಂಜಿನ್ ಓಡಿಸೋದು. ಊರಿನ ಕರೆಂಟ್ ಊರಲ್ಲೇ ಹುಟ್ಟಬಹುದು ಅನ್ನೋದು ಒಂದೇ ಹಳ್ಳಿಯ ಚಮತ್ಕಾರವಾಗಿ ಉಳೀಲಿಲ್ಲ.

ಪುರದ ಕಥೆ ಇಲ್ಲಿಗೆ ಮುಗಿದಿದ್ರೆ ಬರೆಯೋಕೆ ಸುಲಭ ಇತ್ತು. ಆದ್ರೆ ಸುಮಾರು ಹತ್ತು ವರ್ಷ ನಡೆದು, ತೊಂಬತ್ತರ ದಶಕದ ಕೊನೆಗೆ ಅದು ನಿಂತುಹೋಯ್ತು. ರೆಡ್ಡಿಯವರ ಬಗ್ಗೆ ನಮಗೆ ಗೌರವ ಹೆಚ್ಚಾಗಿದ್ದು ಈ ಜಾಗದಲ್ಲಿ. ತಾವೇ ಮುಂದೆ ನಿಂತು ಮಾಡಿದ ಯೋಜನೆ ನಿಂತಿದ್ದನ್ನ ಅವರು ಮುಚ್ಚಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆ, 2004ರಲ್ಲಿ, ಪುರದಿಂದ ಕಲಿತ ಪಾಠಗಳ ಬಗ್ಗೆಯೇ ಒಂದು ಲೇಖನ ಬರೆದ್ರು. ಗ್ಯಾಸ್ ಹುಟ್ಟೋದು, ಇಂಜಿನ್ ಓಡೋದು ಗೆದ್ದಾಗಿತ್ತು. ಅದನ್ನ ವರ್ಷಗಟ್ಟಲೆ ಯಾರು ನಡೆಸ್ತಾರೆ, ಸಂಬಳ ಯಾರು ಕೊಡ್ತಾರೆ, ತಪ್ಪಿದಾಗ ಯಾರು ಕೇಳ್ತಾರೆ ಅನ್ನೋದು ಗೆಲ್ಲದೆ ಉಳೀತು. ನಾವು ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ಸರಿ ಬರದಿದ್ರೆ ಬಿಂದುಗಳನ್ನೇ ಸರಿಸೋ ಜನ. ಅಂಥದ್ರಲ್ಲಿ ಇದು.

ಹಳ್ಳಿ ಮಟ್ಟದ ಈ ಯೋಚನೆಯನ್ನ ಅವರು ಇಡೀ ರಾಜ್ಯಕ್ಕೂ ಹಚ್ಚಿ ನೋಡಿದ್ರು. 1987ರಲ್ಲಿ ಕರ್ನಾಟಕದ ಒಂದು ಸಮಿತಿ, 2000ನೇ ಇಸವಿಗೆ ರಾಜ್ಯಕ್ಕೆ ಎಷ್ಟು ಕರೆಂಟ್ ಬೇಕು ಅಂತ ಅಂದಾಜು ಮಾಡಿತ್ತು. ಹಿಂದೆ ಬೆಳೆದ ವೇಗದಲ್ಲೇ ಮುಂದೂ ಬೆಳೀತದೆ ಅಂತ ಗೆರೆ ಎಳೆದು ಹೇಳೋ ಥರದ ಅಂದಾಜು. ಅದರ ಪ್ರಕಾರ 9,400 ಮೆಗಾವ್ಯಾಟ್ ಬೇಕಿತ್ತು. ರೆಡ್ಡಿಯವರೂ ಜೊತೆಗಾರರೂ ಲೆಕ್ಕವನ್ನ ಬುಡದಿಂದ ಶುರು ಮಾಡಿದ್ರು. ಎಷ್ಟು ಕರೆಂಟ್ ಅಂತ ಕೇಳೋ ಮೊದಲು, ಅದು ಯಾವ ಕೆಲಸಕ್ಕೆ ಅಂತ ಕೇಳಿದ್ರು. ಜನರಿಗೆ ಬೇಕಾಗಿರೋದು ಬೆಳಕು, ಬಿಸಿ ನೀರು, ಹೊಲಕ್ಕೆ ನೀರು. ಯೂನಿಟ್ ಯಾರಿಗೂ ಬೇಕಾಗಿಲ್ಲ. ರಾಜ್ಯದ ಎಲ್ಲ ಮನೆಗೂ ದೀಪ ಕೊಟ್ಟು, ಜೊತೆಗೆ ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಕಡಿಮೆ ಕರೆಂಟ್ ತಿನ್ನೋ ಬಲ್ಬು ಮತ್ತು ಪಂಪ್‌ಸೆಟ್, ಸಕ್ಕರೆ ಕಾರ್ಖಾನೆಗಳಲ್ಲಿ ಕರೆಂಟ್ ಉತ್ಪಾದನೆ ಹೀಗೆ ಒಂದೊಂದೇ ಕೂಡಿಸಿ ಕಳೆದ್ರೆ, 4,000 ಮೆಗಾವ್ಯಾಟ್ ಹತ್ತಿರ ಸಾಕು ಅಂತ ಬಂತು. ಅರ್ಧಕ್ಕಿಂತಲೂ ಕಡಿಮೆ. ಈ ವಿಧಾನಕ್ಕೆ ಡಿಫೆಂಡಸ್ ಅಂತ ಹೆಸರಿಟ್ಟಿದ್ರು. ಅಭಿವೃದ್ಧಿ ಗುರಿ, ಕೊನೆಯ ಬಳಕೆ, ಸೇವೆ ಅನ್ನೋ ಅರ್ಥದ ಇಂಗ್ಲಿಷ್ ಪದಗಳನ್ನ ಕೂಡಿಸಿದ ಹೆಸರು. ಕೈಗಾದ ಅಣುಸ್ಥಾವರದ ವಾದ ಜೋರಾಗಿದ್ದ ಕಾಲದಲ್ಲಿ, ಅಣು ವಿದ್ಯುತ್ತಿನ ಖರ್ಚನ್ನೂ ಹೀಗೇ ಬಿಡಿಸಿ ಲೆಕ್ಕ ಹಾಕಿ ಅದು ದುಬಾರಿ ಅಂತ ಬರೆದ್ರು. ಅದರಿಂದ ಸ್ನೇಹಿತರು ಹೆಚ್ಚಾಗಿರಲಿಕ್ಕಿಲ್ಲ.

ಸಕ್ಕರೆ ಕಾರ್ಖಾನೆ ಅಂದಾಗ ನಮ್ಮ ಜಮಖಂಡಿ ಮುಧೋಳ ಕಡೆಯವರ ಕಿವಿ ನೆಟ್ಟಗಾಗುತ್ತೆ. ಕಬ್ಬು ಹಿಂಡಿ ಉಳಿದ ಸಿಪ್ಪೆ ಸುಟ್ಟು, ಹಬೆ ಮಾಡಿ, ಟರ್ಬೈನ್ ತಿರುಗಿಸಿ ಕರೆಂಟ್ ಮಾಡೋದು ಈಗ ನಮ್ಮ ಭಾಗದಲ್ಲಿ ಮಾಮೂಲು. ಹಂಗಾಮಿನಲ್ಲಿ ರಾತ್ರಿ ಹೊಲದಿಂದ ನೋಡಿದ್ರೆ ಕಾರ್ಖಾನೆ ಜಾತ್ರೆ ಥರ ಕಾಣುತ್ತೆ. ಕಬ್ಬು ನಮ್ಮ ಹೊಲದ್ದು, ಕರೆಂಟ್ ಗ್ರಿಡ್ಡಿಗೆ ಹೋಗುತ್ತೆ, ಅದೇ ರಾತ್ರಿ ನಮ್ಮ ಮನೇಲಿ ಎಷ್ಟೋ ಸಲ ಕಂದೀಲು. ಶಿವನಸಮುದ್ರದ ತಂತಿ ನೆನಪಾಯ್ತಾ?

ರಾಜ್ಯದ ಆಚೆಗೂ ಅವರ ಕೆಲಸ ಹೋಯ್ತು. ಬ್ರೆಜಿಲ್ಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೊಹಾನ್ಸನ್, ಅಮೆರಿಕದ ವಿಲಿಯಮ್ಸ್, ಬೆಂಗಳೂರಿನ ರೆಡ್ಡಿ, ಈ ನಾಲ್ವರೂ ಸೇರಿ ಎಂಬತ್ತರ ದಶಕದಲ್ಲಿ ಒಂದು ದೊಡ್ಡ ಲೆಕ್ಕ ಮಾಡಿದ್ರು. ಒಬ್ಬ ಮನುಷ್ಯನಿಗೆ ಸರಾಸರಿ 1 ಕಿಲೋವ್ಯಾಟ್, ಅಂದ್ರೆ ಕರೆಂಟು, ಗ್ಯಾಸು, ಪೆಟ್ರೋಲು ಎಲ್ಲ ಸೇರಿ ದಿನಕ್ಕೆ 24 ಯೂನಿಟ್ಟಿನಷ್ಟು ಶಕ್ತಿ ಸಿಕ್ಕಿದ್ರೆ, ಅದನ್ನ ಒಳ್ಳೇ ತಂತ್ರಜ್ಞಾನದಲ್ಲಿ ಬಳಸಿದ್ರೆ, ಬಡ ದೇಶದವರೂ ಎಪ್ಪತ್ತರ ದಶಕದ ಪಶ್ಚಿಮ ಯುರೋಪಿನವರಷ್ಟು ಚೆನ್ನಾಗಿ ಬದುಕಬಹುದು ಅಂತ ತೋರಿಸಿದ್ರು. 1988ರಲ್ಲಿ ಪುಸ್ತಕ ಬಂತು. 2000ದಲ್ಲಿ ನಾಲ್ವರಿಗೂ ಒಟ್ಟಿಗೆ ವೋಲ್ವೋ ಪರಿಸರ ಪ್ರಶಸ್ತಿ ಬಂತು. ಐಐಎಸ್ಸಿಯಿಂದ ನಿವೃತ್ತಿ ಆದ ಮೇಲೂ ಬೆಂಗಳೂರಿನಲ್ಲೇ ಇಂಟರ್‌ನ್ಯಾಷನಲ್ ಎನರ್ಜಿ ಇನಿಷಿಯೇಟಿವ್ ಅನ್ನೋ ಸಂಸ್ಥೆ ನಡೆಸಿದ್ರು, ಅದರಿಂದ ಒಂದು ಜರ್ನಲ್ ತಂದ್ರು. 1998ರ ಅಣುಬಾಂಬ್ ಪರೀಕ್ಷೆಯನ್ನ ದೇಶವೆಲ್ಲ ಸಿಹಿ ಹಂಚಿ ಸಂಭ್ರಮಿಸುವಾಗ, ವಿರೋಧ ಮಾಡಿದ ವಿಜ್ಞಾನಿಗಳಲ್ಲಿ ಅವರೂ ಒಬ್ಬರು.

2006ರ ಮೇ 7ರಂದು ಅವರು ತೀರಿಕೊಂಡ್ರು. ಈ ಮ್ಯಾಗಜೀನ್ ಓದುವ ನಿಮ್ಮಲ್ಲಿ ಹೆಚ್ಚಿನವರು, ಮತ್ತೆ ನಾವು, ಆಗಷ್ಟೇ ಹುಟ್ಟಿದ್ವಿ, ಇಲ್ಲಾ ಇನ್ನೂ ಹುಟ್ಟಿರಲಿಲ್ಲ. ಅಸ್ತ್ರದ ಹೆಸರು ಬದಲಾಗಿ ಈಗ ಐಐಎಸ್ಸಿಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಆಗಿದೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಮಾಳಿಗೆ ಸೋಲಾರ್ ವಿಷಯಕ್ಕೆ ವಾಪಸ್ ಬಂದ್ವಿ. ನಾವು ಮಾಡಿದ ತಪ್ಪು ಆಗ ಗೊತ್ತಾಯ್ತು. ಎಷ್ಟು ಕಿಲೋವ್ಯಾಟ್ ಅಂತ ಶುರು ಮಾಡಿದ್ವಿ, ಏನಕ್ಕೆ ಅಂತ ಕೇಳಿರಲೇ ಇಲ್ಲ. ಆನ್‌ಗ್ರಿಡ್ ಸೋಲಾರ್ ಉಳಿಸೋದು ಬಿಲ್ಲನ್ನ. 2023ರಿಂದ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆ ಬಿಲ್ಲು ಸೊನ್ನೆ! ಸೊನ್ನೆಯಲ್ಲಿ ಏನು ಉಳಿಸ್ತೀವಿ? ಮಿಕ್ಕ ಕರೆಂಟ್ ಗ್ರಿಡ್ಡಿಗೆ ಮಾರಬಹುದು, ಅದು ಬೇರೆ ಲೆಕ್ಕ. ಆದ್ರೆ ಕಟ್ಟೆ ಮೇಲೆ ಕೂತಿದ್ದ ಯಾರಿಗೂ ಮಾರೋ ಆಸೆ ಇರಲಿಲ್ಲ. ಅವರಿಗೆ ಬೇಕಾಗಿದ್ದು ಕರೆಂಟ್ ಹೋದಾಗ ದೀಪ. ಅಜ್ಜಾರು ಕೇಳಿದ್ದು ಅದನ್ನೇ.

ಹೋದ ಭಾನುವಾರ ಮನೆಗೆ ಫೋನ್ ಮಾಡಿ, ಕತ್ತಲೆಯಲ್ಲಿ ಯಾರಿಗೆ ಏನು ಬೇಕು ಅಂತ ಒಬ್ಬೊಬ್ಬರನ್ನೇ ಕೇಳಿ ಪಟ್ಟಿ ಮಾಡಿಕೊಂಡ್ವಿ. ಅಪ್ಪಾರಿಗೆ ಫೋನ್ ಚಾರ್ಜಿಂಗು, ಒಂದು ಫ್ಯಾನು. ತಂಗಿಗೆ ಓದೋ ಕೋಣೆಯ ದೀಪ, ಇನ್ನೊಂದು ಫ್ಯಾನು. ಅಜ್ಜಾರಿಗೆ ಕೊಟ್ಟಿಗೆಯಲ್ಲೊಂದು ಬಲ್ಬು. ಐದು ಎಲ್‌ಇಡಿ ಐದು ತಾಸಿಗೆ 225 ವ್ಯಾಟ್ ಅವರ್, 30 ವ್ಯಾಟಿನ ಎರಡು ಫ್ಯಾನು ಎಂಟು ತಾಸಿಗೆ 480, ಮೂರು ಫೋನಿಗೆ 45. ಒಟ್ಟು 750, ಅಂದ್ರೆ ಮುಕ್ಕಾಲು ಯೂನಿಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತೆ, ಬಾಳಿಕೆ ಬರಲಿ ಅಂತ ಅರ್ಧ ಮಾತ್ರ ಬಳಸಿದ್ರೂ 900. ಅದನ್ನ ತುಂಬೋಕೆ 300 ವ್ಯಾಟಿನ ಪ್ಯಾನೆಲ್ ಸಾಕು. 3 ಕಿಲೋವ್ಯಾಟಿನ ಹತ್ತನೇ ಒಂದು ಪಾಲು. ಸಬ್ಸಿಡಿ ಸಿಗಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸೋ ಖರ್ಚು ಇದ್ದೇ ಇದೆ, ಡಿಸ್ಟಿಲ್ಡ್ ವಾಟರ್ ಹಾಕೋದು ಯಾರು ಅನ್ನೋ ಪುರದ ಪ್ರಶ್ನೆಯೂ ಇದೆ. ಅದಕ್ಕೆ ತಂಗಿ ಒಪ್ಪಿದ್ದಾಳೆ, ಬರೆದಿಟ್ಟುಕೊಂಡಿದ್ದೀವಿ.

ಪಟ್ಟಿ ಮುಗೀತು ಅಂತ ಫೋನ್ ಇಡೋ ಹೊತ್ತಿಗೆ ಅವ್ವ ಇಸ್ಕೊಂಡಳು. ದೀಪಾವಳಿಯ ಜಗಳದಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ, ನಾವೂ ಕೇಳಿರಲಿಲ್ಲ. ಸಂಜೆ ಕರೆಂಟ್ ಹೋದ್ರೆ ಹೆಂಗೋ ನಡೀತದೆ, ಬೆಳಿಗ್ಗೆ ನಾಲ್ಕೂವರೆಗೆ ಹೋದ್ರೆ ಟ್ಯಾಂಕಿಗೆ ನೀರಿಲ್ಲ, ಕೈಪಂಪಿನಿಂದ ಹೊರಬೇಕು ಅಂದಳು. ಅರ್ಧ ಎಚ್‌ಪಿ ಮೋಟಾರು, ಸುಮಾರು 500 ವ್ಯಾಟ್, ಅರ್ಧ ತಾಸು. ಇನ್ನೂ 250 ವ್ಯಾಟ್ ಅವರ್. ನಮ್ಮ 900ರ ಲೆಕ್ಕ ಅಲ್ಲಿಗೆ ಕೆಟ್ಟಿತು. ಒಂದೇ ಬ್ಯಾಟರಿಯಲ್ಲಿ ಆಗಬೇಕಾದ್ರೆ ಒಂದು ಫ್ಯಾನ್ ತೆಗೀಬೇಕು. ಯಾರ ಫ್ಯಾನ್ ಅಂತ ಮುಂದಿನ ರಜೇಲಿ ಕಟ್ಟೆ ಮೇಲೆ ಮಾತಾಡೋದು ಬಾಕಿ ಇದೆ.